ಮೇಜಿನ ಮೇಲುಹಲಗೆ: ದಾರುವಿನ ಚಲನವೂ ಸಂಧಿಕರ್ಮವೂ

ಮರವನ್ನು ಕಡಿದು, ಕೊಯ್ದು, ಒಣಗಿಸಿ ಹಲಗೆ ಮಾಡಿದಮೇಲೆ ಅದು ಕಲ್ಲಿನಂತೆ ನಿಶ್ಚಲವಾದ ವಸ್ತುವಾಗುವುದೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಬಹುಕಾಲ ನಾನೂ ಹಾಗೆಯೇ ಭಾವಿಸಿದ್ದೆನು. ಅದು ಹಾಗಲ್ಲವೆಂಬುದನ್ನು ನನಗೆ ಕಲಿಸಿದ್ದು ಯಾವ ಗ್ರಂಥವೂ ಅಲ್ಲ. ಬೋಗಾದಿಯ ನಮ್ಮ ಮನೆಯಲ್ಲಿರುವ ಒಂದು ಮೇಜು. ಕಾಲುಗಳ ಚೌಕಟ್ಟಿಗೆ ಮೇಜಿನ ಮೇಲುಹಲಗೆಯನ್ನು ಯಾವ ರೀತಿಯಲ್ಲಿ ಹಿಡಿಸತಕ್ಕದ್ದು ಎಂಬ, ಮೇಲುನೋಟಕ್ಕೆ ಅತ್ಯಲ್ಪವಾದ ವಿಷಯವೇ ಈ ಲೇಖನದಲ್ಲಿ ವಿಚಾರಿತವಾಗಿದೆ. ಸಾಹಿತ್ಯಸಂಶೋಧನೆಗೆ ಮೀಸಲಾದ ಪತ್ರಿಕೆಯಲ್ಲಿ ಬಡಗಿಯ ಮಾತೇಕೆಂದು ವಾಚಕಮಹಾಶಯರು ಆಕ್ಷೇಪಿಸಬಹುದು. ಶಾಸ್ತ್ರದ ಒಂದು ಮಾತನ್ನು, ಅದು ಯಾವ ವಸ್ತುವನ್ನು ಕುರಿತದ್ದೆಂದು ನೋಡದೆ, ಬೇರೆಡೆಗೆ ಒಯ್ದು ಅನ್ವಯಿಸಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ನನಗೆ ದೊರೆತಿಲ್ಲ. ಆದಕಾರಣ ಈ ಸಾಹಸ.

ಮೊದಲು ಶಬ್ದವಿಚಾರ. ಬಡಗಿ ಎಂಬುದು ಸಂಸ್ಕೃತದ ವರ್ಧಕಿ ಶಬ್ದದ ತದ್ಭವ. ಅಮರಸಿಂಹನು ತಕ್ಷ, ತ್ವಷ್ಟೃ, ರಥಕಾರ ಮೊದಲಾದ ಹೆಸರುಗಳೊಡನೆ ಇದನ್ನೂ ಎಣಿಸಿರುವನು. ಧಾತುಪಾಠದಲ್ಲಿ ವರ್ಧ ಧಾತುವಿಗೆ ಛೇದನ, ಪೂರಣ ಎಂದು ಎರಡು ಅರ್ಥಗಳುಂಟು. ಉಳಿಯಿಂದ ತೂತು ಕೊರೆದು, ಕೊರೆದ ತೂತಿಗೆ ಕೀಲನ್ನು ತುಂಬುವ ಕುಶಲನಿಗೆ ಇದಕ್ಕಿಂತ ಒಪ್ಪುವ ಹೆಸರು ದುರ್ಲಭ. ಆದರೆ ಕೊರೆದಷ್ಟನ್ನೂ ತುಂಬದೆ, ಸ್ವಲ್ಪ ಎಡೆಯನ್ನು ಬರಿದಾಗಿಯೇ ಬಿಡಬೇಕಾದ ಸಂದರ್ಭವೂ ಉಂಟು. ಪ್ರಕೃತ ವಿಷಯವು ಅದೇ. ಇನ್ನು ಮೇಜು ಎಂಬುದು ಹೊರಗಿನಿಂದ ಬಂದ ಮಾತು. ಪಾರಸಿಯಿಂದ ಬಂದಿತೆಂದು ಕೆಲವರು, ಪೋರ್ತುಗೀಸರಿಂದ ಬಂದಿತೆಂದು ಕೆಲವರು ಹೇಳುವರು. ಮಾತಿನಂತೆಯೇ ವಸ್ತುವೂ ನಮಗೆ ಹೊಸದು. ನೆಲದ ಮೇಲೆ ಮಣೆ ಹಾಕಿ ಕುಳಿತು, ವ್ಯಾಸಪೀಠದ ಮೇಲೆ ಓಲೆಯ ಕಟ್ಟನ್ನಿರಿಸಿ ಓದುತ್ತಿದ್ದವರಿಗೆ ಮೂರು ಅಡಿ ಅಗಲದ ಹಲಗೆಯ ಅಗತ್ಯವಿರಲಿಲ್ಲ. ಮುಂದೆ ಹೇಳುವ ತೊಂದರೆಗೆಲ್ಲ ಈ ಅಗಲವೇ ಮೂಲ.

ಕೆಲವು ವರ್ಷಗಳ ಹಿಂದೆ, ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸಿ ನೋಡುವುದಕ್ಕೆ ಅನುಕೂಲವಾಗಲೆಂದು, ಐದು ಅಡಿ ಉದ್ದ ಮೂರು ಅಡಿ ಅಗಲದ ತೇಗದ ಮೇಜೊಂದನ್ನು ಮಾಡಿಸಿದೆನು. ಕೆಲಸ ನಡೆದದ್ದು ಆಶ್ವಯುಜ ಮಾಸದಲ್ಲಿ. ದಿನ ಬಿಟ್ಟು ದಿನ ಮಳೆ. ಒಗೆದ ಬಟ್ಟೆ ಎರಡು ದಿನವಾದರೂ ಒಣಗದ ಕಾಲ. ಐದು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಮೇಲುಹಲಗೆ ಸಿದ್ಧವಾಯಿತು. ನಾಲ್ಕು ಕಾಲುಗಳನ್ನು ನಾಲ್ಕು ಪಟ್ಟಿಗಳಿಂದ ಕೂಡಿಸಿ ಚೌಕಟ್ಟೂ ಸಿದ್ಧವಾಯಿತು. ಬಳಿಕ ಬಡಗಿಗಳು ಪಟ್ಟಿಗಳ ಒಳಮೈಯಲ್ಲಿ ತೋಡು ತೆಗೆಯುವುದಕ್ಕೆ ತೊಡಗಿದರು. ಇದೇತಕ್ಕೆಂದು ನಾನು ಕೇಳಲು, “ಸ್ವಾಮಿ, ಹಲಗೆ ಮಳೇಲಿ ಹಿಗ್ಗುತ್ತೆ, ಬ್ಯಾಸಗೇಲಿ ಕುಗ್ಗುತ್ತೆ. ಸುತ್ತಾ ಬಿಗಿದುಬಿಟ್ರೆ ಅದು ಎಲ್ಲಿಗೆ ಹೋಗಬೇಕು?” ಎಂದರು. ನನಗೆ ಇದು ಕೆಲಸವನ್ನು ಸಡಿಲವಾಗಿ ಮುಗಿಸುವ ನೆವವೆಂದು ತೋರಿತು. “ಆಚಾರ್ರೆ, ಸಂಧಿ ಎಂದಮೇಲೆ ದೃಢವಾಗಿರಬೇಕು, ಶಿಲ್ಪಶಾಸ್ತ್ರದಲ್ಲಿ ಅದಕ್ಕೆಂದೇ ಒಂದು ಅಧ್ಯಾಯವುಂಟು,” ಎಂದು ಹೇಳಿ, ಪಟ್ಟಿಗಳ ಮೇಲೆಲ್ಲ ಅಂಟು ಬಳಿಸಿ, ಸುತ್ತಲೂ ಗೇಣಿಗೊಂದರಂತೆ ತಿರುಪುಮೊಳೆಗಳನ್ನು ಹಾಕಿಸಿದೆನು. ಅವರು ಮರುಮಾತಾಡದೆ ನಾನು ಹೇಳಿದಂತೆ ಮಾಡಿದರು. ಶಾಸ್ತ್ರದ ಹೆಸರೆತ್ತಿದವರೊಡನೆ ವಾದಿಸುವುದು ಕಷ್ಟವೆಂದು ಅವರಿಗೆ ಅನುಭವದಿಂದ ಗೊತ್ತಿದ್ದಿರಬೇಕು.

ಫಾಲ್ಗುಣದ ಒಂದು ರಾತ್ರಿ, ತೆಂಗಿನಕಾಯಿಯನ್ನು ಕಲ್ಲಿಗೆ ಒಡೆದಂಥ ಸದ್ದು ಕೇಳಿ ಎಚ್ಚರವಾಯಿತು. ಬೆಳಗ್ಗೆ ನೋಡಲು, ಮೇಲುಹಲಗೆಯು ಒಂದು ಕೊನೆಯಿಂದ ಮೊಳದುದ್ದ ಸೀಳಿತ್ತು. ಗಮನಿಸತಕ್ಕ ಅಂಶವೇನೆಂದರೆ, ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿದ್ದ ಅಂಟು ಬಿಟ್ಟಿರಲಿಲ್ಲ. ಹಲಗೆಯ ಮೈಯೇ ಒಡೆದಿತ್ತು. ಬಡಗಿಗಳನ್ನು ಕರೆಸಿ, ಹಸಿಮರವನ್ನು ಹಾಕಿದಿರೆಂದು ಕಠಿನವಾಗಿ ಮಾತನಾಡಿದೆನು. ಪುಸ್ತಕದ ಕಪಾಟಿನ ಕೆಲಸಕ್ಕಾಗಿ ಕೊಡಬೇಕಾಗಿದ್ದ ಕೂಲಿಯ ಒಂದು ಭಾಗವನ್ನೂ ತಡೆದಿಟ್ಟುಕೊಂಡೆನು. ಮರವು ಹಸಿಯಾಗಿರಲಿಲ್ಲ. ಅದು ಒಣಗಿದ, ಹದವಾದ, ಒಳ್ಳೆಯ ಕೆಚ್ಚಿನ ತೇಗ. ತಪ್ಪು ಎಲ್ಲಿತ್ತೆಂಬುದನ್ನು ತಿಳಿಯಬೇಕಾದರೆ ಮರದ ಒಳರಚನೆಯನ್ನು ಸ್ವಲ್ಪ ನೋಡಬೇಕು.

ಮರವೆಂಬುದು ಒಂದೇ ಎರಕದ ವಸ್ತುವಲ್ಲ. ಬುಡದಿಂದ ತುದಿಯವರೆಗೆ ನಿಂತ ಅಸಂಖ್ಯಾತ ಸೂಕ್ಷ್ಮನಾಳಗಳ ಕಟ್ಟು. ಹುಲ್ಲಿನ ಕಂತೆಯನ್ನು ಊಹಿಸಿಕೊಂಡರೆ ಸಾಕು. ಹಸಿಮರದಲ್ಲಿ ನೀರು ಎರಡು ಸ್ಥಾನಗಳಲ್ಲಿರುವುದು: ನಾಳದ ಪೊಳ್ಳಿನಲ್ಲಿ ಒಂದು, ನಾಳದ ಗೋಡೆಯಲ್ಲಿ ಒಂದು. ಮರ ಒಣಗುವಾಗ ಮೊದಲು ಪೊಳ್ಳಿನ ನೀರು ಹೋಗುವುದು. ಅದರಿಂದ ತೂಕ ಇಳಿಯುವುದೇ ಹೊರತು ಅಳತೆ ಬದಲಾಗದು. ಒಣಮರದ ತೂಕಕ್ಕೆ ನೀರು ನೂರಕ್ಕೆ ಸುಮಾರು ೨೮ರಿಂದ ೩೦ರಷ್ಟು ಮಾತ್ರ ಉಳಿದ ಹಂತದಲ್ಲಿ ಪೊಳ್ಳು ಬರಿದಾಗಿರುವುದು. ಅಲ್ಲಿಂದ ಮುಂದೆ ಗೋಡೆಯ ನೀರು ಹೊರಡುವುದು, ಗೋಡೆ ತೆಳ್ಳಗಾಗುವುದು, ಮರ ಕುಗ್ಗುವುದು. ಗಾಳಿಯಲ್ಲಿ ತೇವ ಹೆಚ್ಚಿದಾಗ ಗೋಡೆಯು ಅದನ್ನು ಮತ್ತೆ ಹೀರಿ ದಪ್ಪವಾಗುವುದು, ಮರ ಹಿಗ್ಗುವುದು. ಈ ಹೋಗುಬರವು ಹಲಗೆ ಇರುವವರೆಗೂ ನಿಲ್ಲುವುದಿಲ್ಲ. ಅಂಗುಲ ದಪ್ಪಕ್ಕೆ ಒಂದು ವರ್ಷದಂತೆ ಒಣಗಿಸಬೇಕೆಂಬ ವಾಡಿಕೆಯ ಮಾತು ಹಸಿಯನ್ನು ಕಳೆಯುವುದಕ್ಕೆ ಸಂಬಂಧಪಟ್ಟದ್ದು. ಹಾಗೆ ಒಣಗಿದ ಮರವು ಇನ್ನು ಚಲಿಸದೆಂದು ಅದರ ಅರ್ಥವಲ್ಲ. ನೂರು ವರ್ಷದ ಹಳೆಯ ಬಾಗಿಲು ಮಳೆಗಾಲದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಂಡೂ ಕಾರಣವನ್ನು ವಿಚಾರಿಸಲಿಲ್ಲ.

ಈ ಹಿಗ್ಗುಕುಗ್ಗುಗಳು ಎಲ್ಲ ದಿಕ್ಕಿಗೂ ಸಮವಾಗಿದ್ದಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಹುಲ್ಲಿನ ಕಂತೆ ನೆನೆದರೆ ದಪ್ಪವಾಗುವುದು; ಉದ್ದವಾಗದು. ಮರವೂ ಹಾಗೆಯೇ. ಹಸಿಯಾದ ತೇಗವನ್ನು ಸಂಪೂರ್ಣವಾಗಿ ಒಣಗಿಸಿದರೆ ಅದು ವರ್ಷವಲಯಗಳ ಗುಂಟ, ಎಂದರೆ ಉಂಗುರದ ಬಳಸಿನಲ್ಲಿ, ನೂರಕ್ಕೆ ಸುಮಾರು ೫.೮ರಷ್ಟು ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ, ಚಕ್ರದ ಅರಗಳ ದಿಕ್ಕಿನಲ್ಲಿ, ಸುಮಾರು ೨.೫ರಷ್ಟು, ಎಳೆಯ ಉದ್ದಕ್ಕೆ ಮಾತ್ರ ನೂರಕ್ಕೆ ೦.೨ನ್ನೂ ಮೀರುವುದು ಅಪೂರ್ವ. ನಮ್ಮ ಬೀಟೆಯ ಲೆಕ್ಕವೂ ಇದಕ್ಕೆ ಬಹು ಸಮೀಪದ್ದು: ಬಳಸಿನಲ್ಲಿ ೫.೮, ಅರದ ದಿಕ್ಕಿನಲ್ಲಿ ೨.೭. ಇವೆರಡೂ ಕಡಿಮೆ ಚಲಿಸುವ ಮರಗಳೆಂದು ಲೋಕದಲ್ಲೆಲ್ಲ ಹೆಸರಾದವು. ಪೂರ್ವಿಕರು ಇವನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ವರಾಹಮಿಹಿರನು ಶಯ್ಯಾಸನಗಳಿಗೆ ಪ್ರಶಸ್ತವೆಂದ ಮರಗಳಲ್ಲಿ ಶಾಕವೂ ಶಿಂಶಪೆಯೂ ಸೇರಿವೆ. ಮೈಸೂರಿನ ಪ್ರಾಚ್ಯಪುಸ್ತಕಾಲಯದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸಾರದಾರುಗಳ ಪಟ್ಟಿಯು ಶಾಕದಿಂದಲೇ, ಎಂದರೆ ತೇಗದಿಂದಲೇ, ಆರಂಭವಾಗುವುದು. ಶಿಂಶಪೆ ಅಲ್ಲಿಯೂ ಉಂಟು. (ಶಿಂಶಪೆಯು ಉತ್ತರದೇಶದ ಸಿಸು ಮರ; ನಮ್ಮ ಬೀಟೆ ಅದರ ದಾಯಾದಿ. ಎರಡನ್ನೂ ಒಂದೇ ಎಂದು ಬರೆಯುವ ಟೀಕಾಕಾರರ ವಿಷಯದಲ್ಲಿ ಎಚ್ಚರ ಬೇಕು.)

ಇನ್ನು ನನ್ನ ಮೇಜಿನ ಲೆಕ್ಕ. ಅಗಲ ಮೂರು ಅಡಿ, ಎಂದರೆ ಸುಮಾರು ೯೦೦ ಮಿಲಿಮೀಟರು. ಮಳೆಗಾಲಕ್ಕೂ ಬೇಸಗೆಗೂ ನಡುವೆ ಮರದ ತೇವವು ನೂರಕ್ಕೆ ೧೪ರಿಂದ ೧೦ಕ್ಕೆ ಇಳಿಯಿತೆಂದು ಇಟ್ಟುಕೊಳ್ಳೋಣ. ೩೦ ಭಾಗ ತೇವ ಹೋದರೆ ೫.೮ರಷ್ಟು ಕುಗ್ಗುವ ಮರವು ೪ ಭಾಗ ಹೋದರೆ ೦.೭೭ರಷ್ಟು ಕುಗ್ಗುವುದು. ೯೦೦ಕ್ಕೆ ಅದು ಸುಮಾರು ೭ ಮಿಲಿಮೀಟರು. ಕಾಲು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ದಿಮ್ಮಿಯನ್ನು ತಿರುಳಿನಿಂದ ಹೊರಕ್ಕೆ, ಅರದ ದಿಕ್ಕಿನಲ್ಲಿ ಕೊಯ್ದು ತೆಗೆದ ಹಲಗೆಯಾದರೆ ೩ ಮಿಲಿಮೀಟರು ಸಾಕು. ಅಂಥ ಹಲಗೆಗೆ ಬಡಗಿಗಳು ಹೆಚ್ಚು ಬೆಲೆ ಕೊಡುವುದರ ರಹಸ್ಯವಿದು. ಆದರೆ ಉದ್ದದಲ್ಲಿ, ಐದು ಅಡಿಗೂ ಸೇರಿ, ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಆಗದು.

ಇಲ್ಲಿಯೇ ಗ್ರಂಥಿ. ಮೇಲುಹಲಗೆಯ ಎಳೆ ಮೇಜಿನ ಉದ್ದಕ್ಕೆ ಹರಿದಿದೆ; ಆದ್ದರಿಂದ ಅದರ ಚಲನವೆಲ್ಲ ಅಗಲದಲ್ಲಿ. ಅದರ ಕೆಳಗೆ ಅಗಲಕ್ಕೆ ಅಡ್ಡವಾಗಿ ನಿಂತಿರುವ ಗಿಡ್ಡ ಪಟ್ಟಿಗಳ ಎಳೆಯಾದರೋ ಆ ಪಟ್ಟಿಗಳ ಉದ್ದಕ್ಕೆ ಹರಿದಿದೆ. ಅವು ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಚಲಿಸುವ ಅಗಲವನ್ನು ಚಲಿಸದ ಉದ್ದಕ್ಕೆ ಅಂಟಿನಿಂದಲೂ ಮೊಳೆಯಿಂದಲೂ ನಾನು ಕಟ್ಟಿಹಾಕಿಸಿದ್ದೆನು. ಮಳೆಗಾಲದಲ್ಲಿ ಹಿಗ್ಗಿದ್ದಾಗ ಬಿಗಿದ ಹಲಗೆಯು ಬೇಸಗೆಯಲ್ಲಿ ಏಳು ಮಿಲಿಮೀಟರು ಕುಗ್ಗಲು ಹವಣಿಸಿತು, ಎರಡು ಅಂಚುಗಳನ್ನೂ ಮೊಳೆಗಳು ಹಿಡಿದೆಳೆದವು, ನಡುವೆ ಸೀಳಿತು. ಬೇಸಗೆಯಲ್ಲಿ ಬಿಗಿದಿದ್ದರೆ ಫಲವು ಬೇರೆಯಾಗುತ್ತಿತ್ತು: ಮಳೆಗಾಲದಲ್ಲಿ ಹಲಗೆ ಉಬ್ಬುತ್ತಿತ್ತು, ಇಲ್ಲವೆ ಕಾಲಿನ ಕೀಲುಗಳನ್ನೇ ಬಿಡಿಸುತ್ತಿತ್ತು.

ಮರಕ್ಕೆ ಅಷ್ಟು ಬಲವುಂಟೆ ಎಂದು ಕೇಳುವವರು ಕಲ್ಲುಕುಟಿಗರನ್ನು ಕೇಳಬಹುದು. ಬಂಡೆಯಲ್ಲಿ ಸಾಲಾಗಿ ಕುಳಿ ತೋಡಿ, ಒಣಮರದ ಬೆಣೆಗಳನ್ನು ಬಡಿದು, ನೀರು ಹನಿಸಿ, ಬೆಣೆ ಹಿಗ್ಗಿದ ಬಲದಿಂದಲೇ ಬಂಡೆಯನ್ನು ಸೀಳುವ ಹಳೆಯ ಕ್ರಮವೊಂದುಂಟು. ಗಾಡಿ ಹೊಡೆಯುವವರಿಗೂ ಇದರ ಪರಿಚಯವಿತ್ತು. ಬೇಸಗೆಯಲ್ಲಿ ಚಕ್ರದ ಮರ ಕುಗ್ಗಿ ಕಬ್ಬಿಣದ ಪಟ್ಟೆ ಸಡಿಲವಾಗಿ ಗಡಗಡಿಸತೊಡಗಿದರೆ, ಚಕ್ರವನ್ನು ಕಳಚಿ ಕೆರೆಯ ನೀರಿನಲ್ಲಿ ಹಾಕಿಡುತ್ತಿದ್ದರು. ನೆನೆದು ಹಿಗ್ಗಿದ ಚಕ್ರವು ಪಟ್ಟೆಯನ್ನು ಮತ್ತೆ ಕಚ್ಚಿಕೊಳ್ಳುತ್ತಿತ್ತು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ತೊಡಿಸಿದ ಕಬ್ಬಿಣದೊಡನೆ ಸೆಣಸುವ ಬಲವುಳ್ಳ ವಸ್ತುವನ್ನು ಎರಡು ಡಜನು ತಿರುಪುಮೊಳೆಗಳಿಂದ ಸುಮ್ಮನಿರಿಸಬಹುದೆಂದು ನಾನು ಭಾವಿಸಿದ್ದೆನು.

ಹಾಗಾದರೆ ಶಾಸ್ತ್ರವು ತಪ್ಪಿತೆ? ತಪ್ಪಲಿಲ್ಲ. ಮಯಮತದ ಹದಿನೇಳನೆಯ ಅಧ್ಯಾಯವೂ ಮಾನಸಾರದ ಹದಿನೇಳನೆಯ ಅಧ್ಯಾಯವೂ ಸಂಧಿಕರ್ಮವನ್ನು ಕುರಿತವು. ಮಯಮತದಲ್ಲಿ ಕಂಬಗಳನ್ನು ಒಂದರ ಮೇಲೊಂದು ಸೇರಿಸುವ ಸಂಧಿಗಳಿಗೆ ಮೇಷಯುದ್ಧ, ತ್ರಿಖಂಡ, ಸೌಭದ್ರ, ಅರ್ಧಪಾಣಿ, ಮಹಾವೃತ್ತ ಎಂದು ಹೆಸರು. ಮಲಗಿದ ತೊಲೆಗಳನ್ನು ಸೇರಿಸುವವಕ್ಕೆ ಷಟ್ಶಿಖ, ಝಷದಂತ, ಸೂಕರಘ್ರಾಣ, ಸಂಕೀರ್ಣಕೀಲ, ವಜ್ರಸನ್ನಿಭ ಎಂದು ಹೆಸರು. ಟಗರುಗಳ ಕಾಳಗ, ಮೀನಿನ ಹಲ್ಲು, ಹಂದಿಯ ಮೂತಿ! ಈ ಹೆಸರುಗಳ ಸೊಗಸಿಗೆ ಮನಸೋತು ನಾನು ಅವನ್ನು ಹಲವು ಸಲ ಓದಿದ್ದೆನು; ವಿದ್ಯಾರ್ಥಿಗಳಿಗೆ ಪಾಠವನ್ನೂ ಹೇಳಿದ್ದೆನು. ಆದರೆ ಇವು ಯಾವುದನ್ನು ಯಾವುದಕ್ಕೆ ಸೇರಿಸುತ್ತವೆಂಬುದನ್ನು ಗಮನಿಸಿರಲಿಲ್ಲ. ಕಂಬಕ್ಕೆ ಕಂಬ, ತೊಲೆಗೆ ತೊಲೆ. ಎಳೆಯ ಉದ್ದಕ್ಕೆ ಎಳೆಯ ಉದ್ದ. ಆ ದಿಕ್ಕಿನಲ್ಲಿ ಮರವು ಚಲಿಸುವುದಿಲ್ಲವಾದ್ದರಿಂದ ಸಂಧಿಯು ಎಷ್ಟು ದೃಢವಾಗಿದ್ದರೆ ಅಷ್ಟು ಒಳ್ಳೆಯದು. ಅಗಲದ ಹಲಗೆಯನ್ನು ಅಡ್ಡಪಟ್ಟಿಗೆ ಬಿಗಿಯುವ ಮಾತು ಅಲ್ಲಿ ಪ್ರಸಕ್ತವೇ ಅಲ್ಲ. ಕಂಬದ ವಿಧಿಯನ್ನು ಹಲಗೆಗೆ ಅತಿದೇಶ ಮಾಡಿದವನು ನಾನು. ಮೀಮಾಂಸೆಯನ್ನು ಓದಿದವನು ಅತಿದೇಶಕ್ಕೆ ಸಾದೃಶ್ಯವು ಬೇಕೆಂಬುದನ್ನು ಮರೆಯಬಾರದಾಗಿತ್ತು.

ಪ್ರಕೃತವನ್ನನುಸರಿಸೋಣ. ಸಿದ್ಧಾಂತವಿಷ್ಟು: ಮೇಲುಹಲಗೆಯನ್ನು ಕೆಳಕ್ಕೆ ಅದುಮಿ ಹಿಡಿಯಬೇಕು, ಅಡ್ಡಕ್ಕೆ ಸರಿಯಲು ಬಿಡಬೇಕು. ಮೇಜನ್ನು ಅಂಚಿನಲ್ಲಿ ಹಿಡಿದೆತ್ತಿದರೆ ಹಲಗೆ ಕಳಚಿ ಬರಬಾರದು, ಬರೆಯುವಾಗ ಅಲುಗಬಾರದು, ಸೊಟ್ಟಗಾಗಬಾರದು. ಆದರೂ ಋತುವಿಗೆ ತಕ್ಕಂತೆ ಏಳೆಂಟು ಮಿಲಿಮೀಟರು ಹೋಗಿಬರಬೇಕು. ಇದು ಪರಸ್ಪರವಿರುದ್ಧವೆಂದು ತೋರುವುದು. ಓಲೆಯ ಪುಸ್ತಕವನ್ನು ಕೈಯಲ್ಲಿ ಹಿಡಿದವರಿಗೆ ಹಾಗೆ ತೋರಬಾರದು. ಗರಿಯಲ್ಲಿ ಕೊರೆದ ತೂತು ದಾರಕ್ಕಿಂತ ದೊಡ್ಡದಾಗಿರುವುದು. ಲಿಪಿಕಾರನು ಅದರ ಸುತ್ತ ಅಕ್ಷರ ಬರೆಯದೆ ಎಡೆ ಬಿಟ್ಟಿರುವನು. ದಾರವು ಗರಿಗಳನ್ನು ಚೆದರಲು ಬಿಡುವುದಿಲ್ಲ, ಬಿಗಿದು ಸೀಳುವುದೂ ಇಲ್ಲ.

ಬಡಗಿಗಳು ನನ್ನ ಮೇಜಿಗೆ ಮಾಡಬೇಕೆಂದಿದ್ದ ಕ್ರಮವನ್ನೇ ಮೊದಲು ಹೇಳುವೆನು. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದು ಅದೇ. ಪಟ್ಟಿಯ ಒಳಮೈಯಲ್ಲಿ, ಮೇಲಂಚಿನಿಂದ ಸುಮಾರು ಅರ್ಧ ಅಂಗುಲ ಕೆಳಗೆ, ಉದ್ದಕ್ಕೂ ಒಂದು ತೋಡು ತೆಗೆಯುವರು. ಹೆಬ್ಬೆರಳ ಗಾತ್ರದ ಮರದ ತುಂಡಿನ ಒಂದು ಕೊನೆಯನ್ನು ನಾಲಗೆಯಂತೆ ಕೆತ್ತಿ, ಆ ನಾಲಗೆಯನ್ನು ತೋಡಿನೊಳಗೆ ಚಾಚಿ, ತುಂಡಿನ ಮೈಯನ್ನು ಒಂದೇ ತಿರುಪುಮೊಳೆಯಿಂದ ಮೇಲುಹಲಗೆಯ ಅಡಿಗೆ ಬಿಗಿಯುವರು. ಈ ಲೇಖನದ ಮಟ್ಟಿಗೆ ಇದನ್ನು ನಾಲಗೆತುಂಡು ಎನ್ನೋಣ. ಮೊಳೆ ಬಿಗಿದಂತೆ ನಾಲಗೆಯು ತೋಡಿನ ಮೇಲಣ ತುಟಿಯನ್ನು ಕಚ್ಚಿ ಹಲಗೆಯನ್ನು ಕೆಳಕ್ಕೆ ಸೆಳೆಯುವುದು. ಇದಕ್ಕಾಗಿ ನಾಲಗೆಯ ಮಟ್ಟವು ತೋಡಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು. ಪಟ್ಟಿಗೂ ಹಲಗೆಗೂ ನಡುವೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಹಲಗೆ ಸರಿದರೆ ನಾಲಗೆ ತೋಡಿನಲ್ಲಿ ಅದರೊಡನೆ ಸರಿಯುವುದು.

ಇದರಲ್ಲಿ ಕೆಲವು ಸೂಕ್ಷ್ಮಗಳುಂಟು. ತುಂಡಿನ ಎಳೆಯು ನಾಲಗೆಯ ಉದ್ದಕ್ಕೆ ಬರಬೇಕು. ಅಡ್ಡಲಾಗಿ ಬಂದರೆ ನಾಲಗೆ ಬಿಸ್ಕತ್ತಿನಂತೆ ಮುರಿಯುವುದು. ಗಿಡ್ಡ ಪಟ್ಟಿಯಲ್ಲಿ ನಾಲಗೆಯು ತೋಡಿನ ಗುಂಟ ಪಕ್ಕಕ್ಕೆ ಜಾರುವುದರಿಂದ ಅಲ್ಲಿ ತೋಡು ನಾಲಗೆಗಿಂತ ಅಗಲವಾಗಿರಬೇಕು. ಉದ್ದ ಪಟ್ಟಿಯಲ್ಲಿ ನಾಲಗೆಯು ಒಳಕ್ಕೂ ಹೊರಕ್ಕೂ ಚಲಿಸುವುದರಿಂದ ಅಲ್ಲಿಯ ವಿಚಾರ ಬೇರೆ. ಮೇಜನ್ನು ಬೇಸಗೆಯಲ್ಲಿ ಕಟ್ಟುವುದಾದರೆ, ಮುಂದೆ ಹಲಗೆ ಹಿಗ್ಗಿ ತುಂಡನ್ನು ಪಟ್ಟಿಯ ಕಡೆಗೆ ನೂಕುವುದು. ಆದ್ದರಿಂದ ತುಂಡಿನ ಭುಜಕ್ಕೂ ಪಟ್ಟಿಗೂ ನಡುವೆ ಎಡೆ ಬಿಡಬೇಕು. ಮಳೆಗಾಲದಲ್ಲಿ ಕಟ್ಟುವುದಾದರೆ, ಮುಂದೆ ಹಲಗೆ ಕುಗ್ಗಿ ತುಂಡನ್ನು ಒಳಕ್ಕೆಳೆಯುವುದು. ಆಗ ನಾಲಗೆಯು ತೋಡಿನಿಂದ ಹೊರಬಿದ್ದು ಹಿಡಿತ ತಪ್ಪದಂತೆ ಅದನ್ನು ಆಳವಾಗಿ ತೂರಿಸಿಡಬೇಕು. ಕೆಲಸಕ್ಕೆ ಕೈಯಿಡುವ ಮುನ್ನ ಮಾಸವನ್ನು ಕೇಳಬೇಕು! ಪಂಚಾಂಗವು ಮುಹೂರ್ತಕ್ಕೆ ಮಾತ್ರ ಬೇಕೆಂದು ತಿಳಿದಿದ್ದ ನನಗೆ ಈ ಉಪಯೋಗವು ಹೊಸದು.

ಹಲಗೆಯು ಎಲ್ಲೋ ಒಂದೆಡೆ ನೆಲೆನಿಲ್ಲದಿದ್ದರೆ ಕಾಲಕ್ರಮದಲ್ಲಿ ಒಂದೇ ಪಕ್ಕಕ್ಕೆ ಜರುಗಿಹೋಗಬಹುದು. ಅದಕ್ಕಾಗಿ ಎರಡು ಗಿಡ್ಡ ಪಟ್ಟಿಗಳ ನಟ್ಟನಡುವೆ ಒಂದೊಂದು ಮೊಳೆಯನ್ನು ಬಿಗಿಯಾಗಿ ಹಾಕುವರು. ಆಗ ನಡುಗೆರೆಯು ಸ್ಥಿರವಾಗಿ ನಿಂತು, ಹಿಗ್ಗುಕುಗ್ಗುಗಳು ಎರಡು ಪಕ್ಕಕ್ಕೂ ಸಮವಾಗಿ ಹಂಚಿಹೋಗುವುವು. ಗೋಡೆಗೆ ಒತ್ತಿ ನಿಲ್ಲುವ ಮೇಜಿಗೆ ಮುಂದಿನ ಅಂಚನ್ನು ಸ್ಥಿರಪಡಿಸಿ, ಚಲನವನ್ನೆಲ್ಲ ಹಿಂದಕ್ಕೆ ಕಳುಹಿಸುವುದೂ ಉಂಟು.

ಉಳಿದ ಕ್ರಮಗಳು ಇದರ ರೂಪಾಂತರಗಳೇ. ಪಟ್ಟಿಯಲ್ಲಿ ದುಂಡುತೂತಿನ ಬದಲು, ಹಲಗೆಯ ಅಗಲದ ದಿಕ್ಕಿಗೆ ನೀಳವಾದ ಗಂಡಿಯನ್ನು ಕೊರೆದು, ಬಿಲ್ಲೆಯಿಟ್ಟು ತಿರುಪುಮೊಳೆ ಹಾಕುವುದು ಒಂದು. ಮೊಳೆಯ ತಲೆ ಗಂಡಿಯಲ್ಲಿ ಜಾರುವುದು. ಈಗ ಅಂಗಡಿಗಳಲ್ಲಿ ಎಂಟರ ಆಕಾರದ ಉಕ್ಕಿನ ತಗಡುಗಳು ದೊರೆಯುತ್ತವೆ (ಇಂಗ್ಲಿಷಿನ ಎಂಟು, ಒಂದಕ್ಕೊಂದು ತಾಗಿದ ಎರಡು ಸೊನ್ನೆ, ನಮ್ಮ ೮ ಅಲ್ಲ). ಒಂದು ಸೊನ್ನೆ ಪಟ್ಟಿಗೆ, ಇನ್ನೊಂದು ಹಲಗೆಗೆ. ನಡುವೆ ತಗಡು ಬಾಗಿಲಿನ ತಿರುಗುಣಿಯಂತೆ ಅಷ್ಟಿಷ್ಟು ತಿರುಗುವುದು. ಕೆಲಸ ಬೇಗನೆ ಮುಗಿಯುವುದು. ದೊಡ್ಡ ಅಗಲಕ್ಕೆ ಅದರ ತಿರುಗಾಟ ಸಾಲದು. ನಮ್ಮ ಮನೆಯ ಹಳೆಯ ಊಟದ ಮಣೆಯೊಂದನ್ನು ಮಗುಚಿ ನೋಡಿದಾಗ ಮೂರನೆಯ ಕ್ರಮವು ಕಣ್ಣಿಗೆ ಬಿದ್ದಿತು. ಅಡಿಯಲ್ಲಿ ಎರಡು ಅಡ್ಡಪಟ್ಟಿಗಳು, ಒಂದಕ್ಕೂ ಮೊಳೆಯಿಲ್ಲ. ಹಲಗೆಯಲ್ಲಿ ಒಳಗೆ ಅಗಲ, ಬಾಯಿ ಕಿರಿದು ಆಗಿರುವಂತೆ ತೋಡು ತೆಗೆದು, ಅದೇ ಆಕಾರದ ಪಟ್ಟಿಯನ್ನು ಪಕ್ಕದಿಂದ ತೂರಿಸಿದ್ದರು. ಹಲಗೆ ಬಾಗದಂತೆ ಪಟ್ಟಿ ಹಿಡಿದಿದೆ. ಹಲಗೆಯ ಹಿಗ್ಗುಕುಗ್ಗುಗಳಿಗೆ ಅದು ಅಡ್ಡಬಂದಿಲ್ಲ. ಆ ಮಣೆಯ ಮೇಲೆ ನಾನು ಬಾಲ್ಯದಿಂದ ಕುಳಿತು ಉಂಡಿದ್ದೆನು.

ಮೇಲುಹಲಗೆಯ ಎರಡು ಕೊನೆಗಳಿಗೂ ಅಂದಕ್ಕಾಗಿ ಅಡ್ಡಪಟ್ಟಿ ತೊಡಿಸುವ ಪದ್ಧತಿಯಲ್ಲಿ ಇದೇ ಅಪಾಯವುಂಟು. ಬಲ್ಲವರು ನಡುವಿನ ಕೀಲನ್ನು ಮಾತ್ರ ಬಿಗಿಮಾಡಿ, ಅಂಟನ್ನೂ ನಡುವೆ ಮಾತ್ರ ಬಳಿದು, ಉಳಿದ ಕೀಲುಗಳಿಗೆ ನೀಳವಾದ ತೂತುಗಳನ್ನಿಡುವರು. ಅಂಥ ಮೇಜನ್ನು ಗುರುತಿಸುವುದು ಸುಲಭ: ಮಳೆಗಾಲದಲ್ಲಿ ಹಲಗೆಯ ಅಂಚು ಅಡ್ಡಪಟ್ಟಿಯ ಕೊನೆಯನ್ನು ಮೀರಿ ಹೊರಗಿರುವುದು, ಬೇಸಗೆಯಲ್ಲಿ ಒಳಸೇರುವುದು. ವರ್ಷವೆಲ್ಲ ಸರಿಸಮವಾಗಿರಬೇಕೆಂದು ಹಟ ಹಿಡಿಯುವ ಗಿರಾಕಿಗೆ ಕೊನೆಗೆ ದೊರೆಯುವುದು ಸೀಳಿದ ಹಲಗೆ.

ಮೈಸೂರಿನವರಿಗೆ ಈ ವಿಚಾರವು ಇನ್ನೊಂದು ಕಾರಣದಿಂದ ಮುಖ್ಯ. ೧೮೯೭ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಗಿ, ೧೯೧೨ರಲ್ಲಿ ಪೂರ್ತಿಯಾದ ಹೊಸ ಅರಮನೆಯಲ್ಲಿ, ಬೀಟೆಯ ಬಾಗಿಲುಗಳ ಮೇಲೆ ದಂತದ ಕುಸುರಿಯಿರುವುದನ್ನು ಎಲ್ಲರೂ ನೋಡಿರುವರು. ೧೯೦೬ರಲ್ಲಿ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ಕೈಗಾರಿಕಾ ಶಾಲೆಯಲ್ಲಿ ಇಂಥ ವಿದ್ಯೆಗಳಿಗೆ ಆಶ್ರಯ ದೊರೆಯಿತು. ದಂತದ ವ್ಯಾಪಾರ ಈಗ ನಿಷಿದ್ಧ. ಬಣ್ಣಬಣ್ಣದ ಮರಗಳೂ ಪ್ಲಾಸ್ಟಿಕ್ಕೂ ಅದರ ಸ್ಥಾನಕ್ಕೆ ಬಂದಿವೆ. ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದ ಈ ಕುಸುರಿಯ ಕೆಲಸವನ್ನು ಮೇಜುಗಳ ಮೇಲೂ ಮಾಡುವರು. ಆನೆ, ಅಂಬಾರಿ, ಬಳ್ಳಿ, ಹೂವುಗಳ ತೆಳ್ಳನೆಯ ತುಂಡುಗಳನ್ನು ಒಂದೊಂದಾಗಿ ಕೊರೆದು ಕೂರಿಸಿದ ಹಲಗೆಯನ್ನು, ಕೊಂಡುಕೊಂಡವರು ಅಲುಗುತ್ತದೆಂದು ಹೆದರಿ ಸುತ್ತಲೂ ಮೊಳೆ ಬಡಿಸಿದರೆ, ಸೀಳು ಆನೆಯ ಬೆನ್ನಿನ ಮೇಲೆಯೇ ಹಾಯಬಹುದು. ಸೀಳಿದ ತೇಗವನ್ನು ಮತ್ತೆ ಕೂಡಿಸಬಹುದು; ಕುಸುರಿಯನ್ನು ಕೂಡಿಸುವುದು ಕಷ್ಟ.

ಎರಡು ಆಕ್ಷೇಪಗಳಿಗೆ ಸಮಾಧಾನ ಹೇಳಬೇಕಾಗಿದೆ. ಮೆರುಗೆಣ್ಣೆ ಬಳಿದರೆ ತೇವ ಒಳಸೇರದಲ್ಲವೆ ಎಂಬುದು ಮೊದಲನೆಯದು. ಮೆರುಗೆಣ್ಣೆಯು ತೇವದ ಹೋಗುಬರವನ್ನು ತಡಮಾಡುವುದೇ ಹೊರತು ತಡೆಯಲಾರದು. ಅಲ್ಲದೆ ಮೇಲ್ಮೈಗೆ ಮಾತ್ರ ಬಳಿದು ಅಡಿಯನ್ನು ಹಾಗೆಯೇ ಬಿಟ್ಟರೆ, ಎರಡು ಮೈಗಳು ಬೇರೆಬೇರೆ ವೇಗದಲ್ಲಿ ಹೀರಿ ಒಣಗಿ, ಹಲಗೆಯು ದೊನ್ನೆಯಂತೆ ಬಾಗುವುದು. ಕಾಣದ ಅಡಿಗೂ ಬಳಿಯಿರೆಂದು ಬಡಗಿಗಳು ಹೇಳಿದರೆ ಅದು ದುಂದಲ್ಲ. ಎರಡನೆಯ ಆಕ್ಷೇಪ: ಅಂಗಡಿಯ ಮೇಜುಗಳು ಸುತ್ತಲೂ ಮೊಳೆ ಬಡಿದಿದ್ದರೂ ಸೀಳುವುದಿಲ್ಲವೇಕೆ? ಅವುಗಳಲ್ಲಿ ಬಹುಪಾಲು ಪ್ಲೈವುಡ್ಡಿನವು. ತೆಳುಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡಬರುವಂತೆ ಅಂಟಿಸಿದ ವಸ್ತುವದು. ಒಂದು ಪದರ ಚಲಿಸಹೊರಟರೆ ಪಕ್ಕದ ಪದರ ತಡೆಯುವುದು. ಅದಕ್ಕೆ ಈ ನಿಯಮವು ಅನ್ವಯಿಸದು. ಇದೂ ವಿಷಯಭೇದವೇ.

ಮುಂದೆ ನಡೆದದ್ದನ್ನು ಹೇಳಿ ಮುಗಿಸುವೆನು. ತಿಂಗಳೊಂದು ಕಳೆದಮೇಲೆ, ಈ ವಿಚಾರಗಳು ಒಂದಿಷ್ಟು ಮನದಟ್ಟಾದಮೇಲೆ, ಬಡಗಿಗಳ ಮನೆಗೆ ನಾನೇ ಹೋಗಿ, ತಡೆದಿಟ್ಟಿದ್ದ ಕೂಲಿಯನ್ನು ಕೊಟ್ಟು, ತಪ್ಪು ನನ್ನದೆಂದು ಹೇಳಿದೆನು. ಅವರು ಹಣವನ್ನು ಎಣಿಸದೆ ಜೇಬಿಗೆ ಹಾಕಿಕೊಂಡು, “ಮೊಳೆ ಬಿಚ್ಚಿದ್ರಾ ಸ್ವಾಮಿ?” ಎಂದಷ್ಟೇ ಕೇಳಿದರು. ಬಿಚ್ಚಿರಲಿಲ್ಲ. ಮರುದಿನ ಬಂದು ಮೊಳೆಗಳನ್ನು ಒಂದೊಂದಾಗಿ ತೆಗೆದರು. ಪಟ್ಟಿಯ ಅಂಟನ್ನು ಅಗಲವಾದ ಉಳಿಯಿಂದ ಎಬ್ಬಿಸಿದರು. ಕೊನೆಯ ಪಟ್ಟಿ ಬಿಟ್ಟುಕೊಂಡಾಗ, ಯಾರೂ ಒತ್ತದೆಯೇ ಸೀಳು ಅರ್ಧಕ್ಕರ್ಧ ಮುಚ್ಚಿಕೊಂಡಿತು. ಅದನ್ನು ನೋಡಿದಮೇಲೆ ನನಗೆ ಬೇರೆ ಪ್ರಮಾಣ ಬೇಕಾಗಲಿಲ್ಲ. ಹಲಗೆಯನ್ನು ಸೀಳಿನ ಗುಂಟ ಕೊಯ್ದು, ಕೀಸಿ, ಮತ್ತೆ ಅಂಟಿಸಿ, ಹನ್ನೆರಡು ನಾಲಗೆತುಂಡುಗಳಿಂದ ಕೂರಿಸಿದರು. ಕೊಯ್ದು ಕೀಸಿದ್ದರಿಂದ ಅಗಲದಲ್ಲಿ ಅರ್ಧ ಬೆರಳು ಕಡಿಮೆಯಾಯಿತು.

ಅಂದು ಚೈತ್ರ. ಮೇಲುಹಲಗೆಯು ಎರಡು ಉದ್ದ ಪಟ್ಟಿಗಳಿಂದ ಎಷ್ಟು ಹೊರಚಾಚಿದೆಯೆಂದು ಅಡಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿಟ್ಟೆನು. ಆಶ್ವಯುಜದಲ್ಲಿ ಅಳೆದಾಗ ಎರಡು ಪಕ್ಕಗಳೂ ಸೇರಿ ಎರಡು ಯವ ಹೆಚ್ಚಾಗಿದ್ದಿತು. ಎಂಟು ಯವಕ್ಕೆ ಒಂದು ಅಂಗುಲವೆಂಬ ಶಿಲ್ಪಶಾಸ್ತ್ರದ ಮಾನದಿಂದ ಅಂಗುಲದ ಕಾಲುಭಾಗ. ಮರುವರ್ಷದ ಫಾಲ್ಗುಣದಲ್ಲಿ ಅಂಚು ಹಳೆಯ ಗೆರೆಗೇ ಹಿಂದಿರುಗಿತು. ಅಂದಿನಿಂದ ವರ್ಷಕ್ಕೆರಡು ಸಲ ಗೆರೆ ಎಳೆಯುತ್ತಿರುವೆನು. ಪ್ರತಿಯೊಂದರ ಪಕ್ಕದಲ್ಲಿ ಮಾಸವನ್ನು ಬರೆದಿದ್ದೇನೆ.